ತಿರುಗಿ ನೋಡಿದ ಮಾಚವ್ವ

ಯಾವ ಅಜ್ಜಿಗೂ ಲೆಕ್ಕ ಸಿಗದಷ್ಟು ಹಿಂದೆ ಸಿರಿದುರ್ಗವೆಂಬ ರಾಜ್ಯವಿತ್ತು. ಅಲ್ಲಿ ಸುಗ್ಗಿಯಾದ ಮೇಲೆ ಮನೆಗೊಂದು ಕೊಳಗ ರಾಗಿ ತೆರಿಗೆ. ಕೋಟೆಯ ಕಣಜದ ಬಾಗಿಲಲ್ಲಿ ತಲೆ ತಗ್ಗಿಸಿ ಸುರಿಯಬೇಕು, ಕೈ ಮುಗಿಯಬೇಕು, ತಿರುಗಿ ನೋಡದೆ ಹೊರಡಬೇಕು. ನೋಡಿದವರು ಕಲ್ಲಾಗಲಿ ಎಂದು ಕಣಜದ ಅಧಿಕಾರಿ ಜಾಲಮಲ್ಲ ಶಾಪ ಹಾಕಿದ್ದ. ಅವನು ಮಾಂತ್ರಿಕ. ಜನ ಅದನ್ನು ಶಾಪ ಎನ್ನದೆ ಪದ್ಧತಿ ಎನ್ನುತ್ತಿದ್ದರು, ಪಾಪ.

ಆ ರಾಗಿಯಲ್ಲೇ ಶಾಲೆಗಳು ನಡೆಯಬೇಕು, ವೈದ್ಯರಿಗೆ ಮದ್ದಿನ ಬೇರುಗಳು ಬರಬೇಕು. ಆದರೆ ಮೂರು ವರ್ಷದಿಂದ ಶಾಲೆಗೆ ಸೂರಿಲ್ಲ, ವೈದ್ಯಶಾಲೆಯಲ್ಲಿ ಮದ್ದಿಲ್ಲ.

ಬುಟ್ಟಿ ಹೆಣೆಯುವ ಮಾಚವ್ವನ ಮಗಳು ತಿಮ್ಮಿಗೆ ಜ್ವರ ಏರಿತು.

"ಹೊತ್ತು ಮುಳುಗೋದ್ರೊಳಗೆ ಕಷಾಯ ಕುಡಿದ್ರೆ ಮಗು ಉಳೀತದೆ ಕಣವ್ವ," ಎಂದರು ವೈದ್ಯರು. "ಬೇರು ಇರೋದು ಕಣಜದಲ್ಲಿ. ಕೇಳಿದ್ರೆ ಮುಗಿದುಹೋಯ್ತು ಅಂತಾರೆ."

"ಮುಗಿದಿದ್ದನ್ನ ಕಂಡೋರು ಯಾರು?" ಎಂದು ಮಾಚವ್ವ ಕೊಳಗ ಎತ್ತಿಕೊಂಡು ಕೋಟೆಗೆ ನಡೆದಳು.

ಬಾಗಿಲಲ್ಲಿ ಉದ್ದನೆಯ ಸಾಲು. ಅವಳು ರಾಗಿ ಸುರಿದಳು, ಕೈ ಮುಗಿದಳು, ಮೂರು ಹೆಜ್ಜೆ ನಡೆದು ತಿರುಗಿ ನೋಡಿದಳು. ಪಾದ ಕಲ್ಲಾಯಿತು.

"ನೆಲದಲ್ಲೊಂದು ಬಿಲ ಐತೆ! ರಾಗಿಯೆಲ್ಲ ಅದರೊಳಗೆ ಇಳೀತಾ ಐತೆ!" ಎಂದು ಕೂಗಿದಳು. ಸಾಲಿನವರು ತಲೆ ಇನ್ನಷ್ಟು ತಗ್ಗಿಸಿಕೊಂಡರು.

ಎರಡನೆಯ ಸಲ ನೋಡಿದಳು. ಮಂಡಿಯವರೆಗೂ ಕಲ್ಲಾಯಿತು.

"ಬಿಲದಲ್ಲಿ ಗುಡ್ಡದಂಥ ಹಂದಿ! ರಾಗಿ ತಿಂದು ಮುತ್ತು ಬೆವರ್ತಾ ಐತೆ, ಜಾಲಮಲ್ಲ ಆರಿಸ್ಕೋತಾವ್ನೆ!"

"ಇನ್ನೊಮ್ಮೆ ನೋಡೇ," ಎಂದು ಒಳಗಿನಿಂದ ಜಾಲಮಲ್ಲ ನಕ್ಕ. "ಬಾಗಿಲಿಗೆ ಒಳ್ಳೆ ಕಂಬ ಆಗ್ತೀಯ."

ಸಂಜೆಯ ನೆರಳು ಕೋಟೆಗೋಡೆಯ ಅರ್ಧಕ್ಕೆ ಏರಿತ್ತು. ಮಾಚವ್ವ ಮೂರನೆಯ ಸಲವೂ ನೋಡಿದಳು. ಕಲ್ಲು ಎದೆಗೇರಿತು.

"ಬೇರಿನ ಮೂಟೆ ಬಿಚ್ಚಿ ಹಂದಿಗೆ ಹಾಸಿಗೆ ಮಾಡವ್ರೆ!" ಅವಳ ದನಿ ಒಡೆಯಿತು. "ಒಬ್ಬಳೇ ಎಷ್ಟು ನೋಡ್ಲಿ ಕಣ್ರಪ್ಪ? ನೀವೂ ನೋಡ್ರಿ!"

ಯಾರೂ ಮಿಸುಕಲಿಲ್ಲ. ಮಾಚವ್ವ ಕಣ್ಣು ಕೀಳಲಿಲ್ಲ, ಕಲ್ಲು ಕೊರಳಿಗೆ ಬಂತು.

ಆಗ ರಾಗಿ ಸುರಿದು ಹೊರಟಿದ್ದ ಸಿದ್ದಜ್ಜ ನಿಂತ. "ನನ್ನ ಮೊಮ್ಮಗ ಹೋದ ವರ್ಷ ಇದೇ ಜ್ವರದಲ್ಲಿ ಹೋದ," ಎಂದವನೇ ತಿರುಗಿ ನೋಡಿದ. ಅವನ ಕಾಲು ಕಲ್ಲಾಯಿತು. ಅಷ್ಟೇ ಕಲ್ಲು ಮಾಚವ್ವನ ಮೈಯಿಂದ ಇಳಿಯಿತು!

ಜನ ಅದನ್ನು ಕಂಡರು. ಒಬ್ಬಳು ತಿರುಗಿದಳು, ಹತ್ತು ಜನ ತಿರುಗಿದರು, ಇಡೀ ಸಾಲೇ ತಲೆ ಎತ್ತಿ ಕಣಜದೊಳಗೆ ನೋಡಿತು. ಶಾಪ ಇದ್ದದ್ದು ಒಂದು ಮೈಗೆ ಸಾಲುವಷ್ಟು. ಎಲ್ಲರಿಗೂ ಹಂಚಿಹೋಗಿ ಒಬ್ಬೊಬ್ಬರಿಗೆ ಕಾಲಿನ ಕಿರುಬೆರಳು ಕಲ್ಲಾಗುವಷ್ಟು ಬಂತು. ಅಷ್ಟು ಕಣ್ಣು ಬಿದ್ದದ್ದೇ ತಡ, ಹಂದಿ ಕುಗ್ಗಿ ಕುಗ್ಗಿ ಇಲಿಯಾಗಿ ಓಡಿತು. ಮಂತ್ರ ಮುಗಿದ ಜಾಲಮಲ್ಲನನ್ನು ಜನ ಗಡಿ ದಾಟಿಸಿದರು.

ಮಾಚವ್ವ ಬೇರು ಹಿಡಿದು ಕುಂಟುತ್ತಲೇ ಓಡಿದಳು. ಹೊತ್ತು ಮುಳುಗುವ ಮೊದಲೇ ತಿಮ್ಮಿ ಕಷಾಯ ಕುಡಿದು, "ಥೂ, ಕಹಿ," ಎಂದು ಮುಖ ಸಿಂಡರಿಸಿದಳು. ತಾಯಿ ಅತ್ತಳು.

ಶಾಲೆಗೆ ಸೂರು ಬಂತು, ವೈದ್ಯರಿಗೆ ಮದ್ದು ಬಂತು, ಸಿರಿದುರ್ಗದವರು ಸುಖವಾಗಿ ಬಾಳಿದರು. ದೊಡ್ಡವರೆಲ್ಲ ಒಂಚೂರು ಕುಂಟುತ್ತಿದ್ದರು. ಮಕ್ಕಳು ಮಾತ್ರ ಓಡುತ್ತಿದ್ದರು.