ಕಾಣೆಯಾದ ಯಕೃತ್ತಿನ ತಟ್ಟೆಗಳು

ಸೋಮವಾರ ಬೆಳಿಗ್ಗೆ ಡಾ. ಫರ್ಹಾನಾ ಬೆಟಗೇರಿ ಠಾಣೆಗೆ ದೂರು ಕೊಡಲು ಬಂದರು. ಅವರ ಪ್ರಯೋಗಾಲಯದಿಂದ ಕೆಲವು ಗಾಜಿನ ತಟ್ಟೆಗಳು ಕಳವಾಗಿದ್ದವು. ಮನುಷ್ಯರ ಜೀವಕೋಶಗಳಿಂದ ಬೆಳೆಸಿದ, ಅಕ್ಕಿಕಾಳಿನಷ್ಟು ದೊಡ್ಡ ಯಕೃತ್ತಿನ ತುಣುಕುಗಳು ಅವುಗಳಲ್ಲಿದ್ದವು. ಹೊಸ ಔಷಧ ಯಾರ ಬಾಯಿಗೂ ಹೋಗುವ ಮೊದಲು ಅದು ವಿಷವೋ ಅಲ್ಲವೋ ಎಂದು ಆ ತುಣುಕುಗಳ ಮೇಲೆ ಪರೀಕ್ಷಿಸುತ್ತಿದ್ದರು. ಈ ಸಲ ಬಂದಿದ್ದು ಮೊಣಕಾಲು ನೋವಿನ ಔಷಧ.

ಇನ್‌ಸ್ಪೆಕ್ಟರ್ ಫಕೀರೇಶ ಎಫ್‌ಐಆರ್ ದಾಖಲಿಸಿ, ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡಿಸಿದರು. ಬೀಗ ಒಡೆದಿರಲಿಲ್ಲ. ಕೀಲಿಕೈ ಇದ್ದದ್ದು ಫರ್ಹಾನಾ ಮತ್ತು ಅವರ ಸಹಾಯಕ ಹುಲಿಗೇಶನ ಬಳಿ ಮಾತ್ರ. ಶನಿವಾರ ಒಬ್ಬನೇ ಕೆಲಸದಲ್ಲಿದ್ದ ಹುಲಿಗೇಶ ಇವತ್ತು ಬಂದಿರಲಿಲ್ಲ. ಫೋನೂ ಬಂದ್ ಆಗಿತ್ತು. ಕಪಾಟು ತೆರೆಸಿದಾಗ ಔಷಧದ ಒಂದು ಶೀಶೆ ಕೂಡ ಕಾಣೆಯಾಗಿತ್ತು.

ಫರ್ಹಾನಾ ಶೀಶೆಯಿದ್ದ ಖಾಲಿ ಜಾಗ ತೋರಿಸಿದರು. "ಪರೀಕ್ಷಾ ಇನ್ನೂ ಮುಗದಿಲ್ರಿ ಸರ್. ಅದನ್ನ ಯಾರರ ಕುಡದ್ರ ಏನಾಕ್ಕೈತಿ ಅಂತ ನಮಗೂ ಗೊತ್ತಿಲ್ಲ."

ಫಕೀರೇಶ ತಕ್ಷಣ ಜೀಪು ತರಿಸಿದರು. ಯಾವ ಮನೆಯಲ್ಲಿ ಯಾರು ಆ ಶೀಶೆ ತೆರೆದಿದ್ದಾರೋ. ಕಾನ್‌ಸ್ಟೆಬಲ್ ನಬಿಸಾಬನೊಂದಿಗೆ ಅವರು ಲಕ್ಷ್ಮೇಶ್ವರದಲ್ಲಿದ್ದ ಹುಲಿಗೇಶನ ಮನೆಗೆ ಹೋದರು. ಬಾಗಿಲಿಗೆ ಬೀಗ. ಅವನ ತಾಯಿ ದುರಗವ್ವನ ಕಣ್ಣು ಅರಿಶಿನದಂತೆ ಹಳದಿಯಾಗಿದ್ದವು, ನಿನ್ನೆ ಗದಗಿನ ಆಸ್ಪತ್ರೆಗೆ ಒಯ್ದ ಎಂದು ನೆರೆಯವರು ಹೇಳಿದರು. ಜೀಪು ಗದಗಿನ ಕಡೆ ತಿರುಗಿತು.

ಹುಲಿಗೇಶ ವಾರ್ಡಿನ ಹೊರಗೆ ಗೋಡೆಗೊರಗಿ ಕುಳಿತಿದ್ದ. ಖಾಕಿ ಕಂಡರೂ ಏಳಲಿಲ್ಲ.

"ಅವ್ವಗ ಏನ್ ಕುಡಿಸಿದಿ?" ಫಕೀರೇಶ ಕೇಳಿದರು.

"ಆ ಶೀಶೆದಾಗಿನ ಔಷಧರಿ."

"ಡಾಕ್ಟರಿಗೆ ಹೇಳಿಯೇನು?"

"ಇಲ್ರಿ."

"ಈಗರ ಹೇಳಲೇ. ಹೇಳಲಿಲ್ಲಂದ್ರ ಆಕಿ ಉಳಿಯೂದಿಲ್ಲ."

"ಮೊಣಕಾಲು ಹಿಡಕೊಂಡು ಅಳತಿದ್ಲರಿ. ಹೊಸಾ ಔಷಧ, ಜಲ್ದಿ ಆರಾಮ ಆಕ್ಕಾಳ ಅಂತ ಹೋದ ವಾರ ನಾನ ಕುಡಿಸಿದೆ. ಶನಿವಾರ ನೋಡಿದ್ರ ಅದ ಔಷಧ ಹಾಕಿದ್ದ ತಟ್ಟಿಯೊಳಗಿನ ತುಣುಕೆಲ್ಲ ಸತ್ತಿದ್ವು."

"ಬ್ಯಾರೆ ಯಾರಿಗರ ಕೊಟ್ಟಿಯೇನು?"

"ಇಲ್ರಿ. ಅವ್ವಗಷ್ಟ."

ನಬಿಸಾಬ ವೈದ್ಯರನ್ನು ಕರೆಯಲು ಓಡಿದ. ಔಷಧದಲ್ಲಿ ಏನೇನಿದೆ ಎಂದು ಫರ್ಹಾನಾ ಫೋನಿನಲ್ಲಿ ವಿವರಿಸಿದರು, ಚಿಕಿತ್ಸೆ ಬದಲಾಯಿತು. ತಟ್ಟೆಗಳು ಹುಲಿಗೇಶನ ಚೀಲದಲ್ಲೇ, ಬಟ್ಟೆಯಲ್ಲಿ ಸುತ್ತಿಟ್ಟ ಹಾಗೇ ಸಿಕ್ಕವು.

ಫಕೀರೇಶ ಅವನನ್ನು ಬಂಧಿಸಿದರು. ಮೂರನೆಯ ದಿನ, ದುರಗವ್ವ ಕಣ್ಣು ತೆರೆದು ನೀರು ಕೇಳಿದಳೆಂಬ ಸುದ್ದಿ ಲಾಕಪ್ಪಿಗೆ ತಲುಪಿದ ಮೇಲೆಯೇ ಹುಲಿಗೇಶ ಪೂರ್ತಿ ಹೇಳಿಕೆ ಕೊಟ್ಟ. ತಟ್ಟೆ ಯಾಕೆ ಕದ್ದೆ ಎಂದು ಫಕೀರೇಶ ಕೇಳಿದರು. ಸತ್ತ ಆ ತುಣುಕುಗಳು ಅಲ್ಲಿ ಇರದಿದ್ದರೆ ಅವ್ವನಿಗೂ ಏನೂ ಆಗುವುದಿಲ್ಲ ಅನ್ನಿಸಿತ್ತು ಎಂದ.