ರಾಣಿ ಬಚ್ಚಿಟ್ಟು ಮರೆತ ನಿಧಿ

ಬಹಳ ಬಹಳ ಹಿಂದೆ, ಸಮುದ್ರಗಳಿಗೆಲ್ಲ ಇನ್ನೂ ಹೆಸರಿಟ್ಟು ಮುಗಿದಿರದ ಕಾಲದಲ್ಲಿ, ಕಡಲಂಚಿನಲ್ಲಿ ಅಳಿವೆಪುರ ಎಂಬ ರಾಜ್ಯವಿತ್ತು. ರಾಜ್ಯ ತೀರಾ ಚಿಕ್ಕದು. ಅರಮನೆಯ ಮಹಡಿಯಲ್ಲಿ ನಿಂತು ಯಾರಾದರೂ ಗಟ್ಟಿಯಾಗಿ ಸೀನಿದರೆ ಗಡಿಯಾಚೆಯವರು "ನೂರ್ಕಾಲ ಬಾಳು" ಎನ್ನುತ್ತಿದ್ದರು. ಆ ರಾಜ್ಯಕ್ಕೆ ಧೀರಮಲ್ಲ ಎಂಬ ರಾಜ, ಸೌದಾಮಿನಿ ಎಂಬ ರಾಣಿ. ಸೌದಾಮಿನಿ ಎಂದರೆ ಮಿಂಚು. ಅವಳು ಮಿಂಚಿ ಬಹಳ ವರ್ಷಗಳಾಗಿದ್ದವು.

ರಾಣಿ ಎಂದ ಕೂಡಲೇ ಪಲ್ಲಕ್ಕಿ, ಚಾಮರ ಎಂದೆಲ್ಲ ಯೋಚಿಸಬೇಡಿ. ಅಷ್ಟು ಚಿಕ್ಕ ರಾಜ್ಯದಲ್ಲಿ ಅಡುಗೆ ಮಾಡುವವಳೂ ರಾಣಿಯೇ, ಉಗ್ರಾಣ ನೋಡುವವಳೂ ರಾಣಿಯೇ, ಸಂಜೆ ಕೋಟೆಬಾಗಿಲಿಗೆ ಅಗಳಿ ಹಾಕುವವಳೂ ರಾಣಿಯೇ. ಇವೆಲ್ಲಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಯಾವ ವಸ್ತು ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುವುದು.

"ಸೌದಾ, ನನ್ನ ಕಿರೀಟ ಎಲ್ಲೇ?"

"ಗೂಟಕ್ಕೆ ನೇತುಹಾಕಿದೀನಿ. ಕತ್ತೆತ್ತಿ ನೋಡಿ."

"ಅಮ್ಮಾ, ನನ್ನ ಬುಗುರಿ ಎಲ್ಲಿ?"

"ನಿನ್ನ ಕೈಯಲ್ಲೇ ಇದೆಯಲ್ಲೋ!"

"ಅಮ್ಮಣ್ಣಿ, ಆನೆ ಎಲ್ಲಿ?" ಎಂದು ಮಾವುತ ಬಂದು ಕೇಳಿದ್ದೂ ಉಂಟು. ಅದು ಕೂಡ ಅವಳಿಗೆ ಗೊತ್ತಿತ್ತು.

ಆ ಕಾಲದಲ್ಲಿ ಕಡಲ ಮೇಲೆ ಚಂಡಮಾರ ಎಂಬ ಕಳ್ಳ ಮಾಂತ್ರಿಕನೊಬ್ಬ ಓಡಾಡುತ್ತಿದ್ದ. ಅವನ ಹಡಗು ಗಾಳಿಯಿಲ್ಲದೆ ನಡೆಯುತ್ತಿತ್ತು. ಅವನ ಭುಜದ ಮೇಲೆ ಒಂದು ನೀಲಿ ಗಿಳಿ. ನಿಧಿ ಬಚ್ಚಿಟ್ಟವರ ಕಣ್ಣಿನೊಳಗೆ ನುಗ್ಗಿ, ಅವರ ಮನಸ್ಸಿನಲ್ಲಿ ಒಂದು ಸುತ್ತು ಹಾಕಿ, ಇಟ್ಟ ಜಾಗ ನೋಡಿಕೊಂಡು ಆ ಗಿಳಿ ಹೊರಗೆ ಬರುತ್ತಿತ್ತು. ಇನ್ನು ಯಾವ ಬೀಗ, ಯಾವ ಕಾವಲು? ಎದುರು ನಿಂತವರನ್ನು ಚಂಡಮಾರ ಮರದ ಗೊಂಬೆ ಮಾಡಿ ಹಡಗಿನ ಪಕ್ಕೆಗೆ ಮೊಳೆ ಹೊಡೆದು ನಿಲ್ಲಿಸುತ್ತಿದ್ದ. ಅಳಿವೆಪುರದ ಮೀನುಗಾರರಲ್ಲಿ ಅರ್ಧ ಜನ ಹಾಗೆ ಮರವಾಗಿ ಹೋಗಿದ್ದರು. ಉಳಿದವರು ಬಲೆ ಸುತ್ತಿಟ್ಟು ಮನೆಯಲ್ಲಿ ಕೂತಿದ್ದರು.

ಅವನಿಗೆ ಒಂದು ಶಾಪವಿತ್ತು. ಅವನು ಹುಡುಕಲು ಹೊರಟ ನಿಧಿಯನ್ನು ಬಚ್ಚಿಟ್ಟವರಲ್ಲದ ಇನ್ನೊಬ್ಬರು ಅವನಿಗಿಂತ ಮೊದಲು ಹುಡುಕಿ ಕೈಗೆತ್ತಿಕೊಂಡರೆ ಅವನ ಮಂತ್ರವೆಲ್ಲ ನೀರಿಗೆ ಬಿದ್ದ ಉಪ್ಪು. ಇದು ಊರಿಗೆಲ್ಲ ಗೊತ್ತಿತ್ತು. ಆ ಗಿಳಿ ಇರುವಾಗ ಗೊತ್ತಿದ್ದು ಏನು ಪ್ರಯೋಜನ?

ದೊಡ್ಡವರು ಯಾವುದಕ್ಕೆ ಹೆದರುತ್ತಾರೋ ಮಕ್ಕಳಿಗೆ ಅದೇ ಆಟ. ರಾಣಿಯ ಮಗ ತಿಮ್ಮರಸನಿಗೆ ಹುಟ್ಟುಹಬ್ಬ ಹತ್ತಿರ ಬಂದಾಗ ಅವನು ಊಟದ ಎಲೆಯ ಮುಂದೆ ಕೂತು ಅಪ್ಪಣೆ ಮಾಡಿದ: "ನಂಗೆ ಕಡಲ್ಗಳ್ಳರ ನಿಧಿ ಹುಡುಕೋ ಆಟ ಬೇಕು. ಮನೆ ತುಂಬ ಚೀಟಿ ಇರ್ಬೇಕು. ನಕ್ಷೆ ಹಳೇದಾಗಿರ್ಬೇಕು. ಸುಲಭ ಇರಬಾರ್ದು. ಕಷ್ಟಾನೂ ಇರಬಾರ್ದು."

"ಅದಕ್ಕೇನಂತೆ, ಮಾಡಿಸೋಣ" ಎಂದು ರಾಜ ಧೀರಮಲ್ಲ ಕೈ ತೊಳೆದು ಸಭೆಗೆ ಹೋದ.

ಮಾಡಿಸೋಣ ಎಂದರೆ ಯಾರು ಮಾಡುವುದು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹುಟ್ಟುಹಬ್ಬದ ಹಿಂದಿನ ದಿನ ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದಾಗ ಸೌದಾಮಿನಿ ಕೆಲಸಕ್ಕೆ ಕೂತಳು. ಕಾಗದಕ್ಕೆ ಅಳಲೆಕಾಯಿ ಕಷಾಯ ಕುಡಿಸಿದಳು. ಅಂಚನ್ನು ಒಲೆಗೆ ಹಿಡಿದು ಸುಟ್ಟಳು. ನೂರು ವರ್ಷ ಹಳೆಯದಾದಂತೆ ಕಂಡ ಮೇಲೆ ಅದರ ಮೇಲೆ ಅರಮನೆಯ ನಕ್ಷೆ ಬರೆದು, ಮೊದಲ ಚೀಟಿಯ ಜಾಗಕ್ಕೆ ಕುಂಕುಮದಲ್ಲಿ ಗುರುತು ಹಾಕಿದಳು. ಹಿತ್ತಾಳೆಯ ಎಲೆಯಡಿಕೆ ಪೆಟ್ಟಿಗೆಯಲ್ಲಿ ಕೊಬ್ಬರಿ ಮಿಠಾಯಿ, ಬಣ್ಣದ ಗೋಲಿ ತುಂಬಿದಳು. ಒಂದು ಚೀಟಿ ನೀರಿನ ಹಂಡೆಯ ಕೆಳಗೆ. ಒಂದು ಉಯ್ಯಾಲೆಯ ಸರಪಳಿಯಲ್ಲಿ. ಮೂರನೆಯದು ಸಿಂಹಾಸನದ ಕಲ್ಲುಸಿಂಹದ ಬಾಯಲ್ಲಿ. ಮೂರನೆಯದನ್ನು ಬರೆಯುವಾಗ ಕಣ್ಣು ತುಂಬ ನಿದ್ದೆ. ಚೀಟಿ ಸಿಂಹದ ಬಾಯಿಗೆ ತುರುಕಿದಳು, ಪೆಟ್ಟಿಗೆ ಎಲ್ಲೋ ಇಟ್ಟಳು. ಅಷ್ಟರಲ್ಲಿ ಯಾರೋ ಕರೆದರು, ಹಾಲು ಉಕ್ಕಿತು, ನಕ್ಷೆಯ ಮೇಲೆ ಭಾರಕ್ಕೆ ಇಟ್ಟಿದ್ದ ಸೌಟನ್ನು ಎತ್ತಿಕೊಂಡು ಓಡಿದಳು. ಕಿಟಕಿಯ ಕಟ್ಟೆಯಲ್ಲಿ ಒಣಗುತ್ತಿದ್ದ ನಕ್ಷೆಯನ್ನು ಕಡಲ ಗಾಳಿ ಎತ್ತಿಕೊಂಡು ಹೋಯಿತು.

ಆ ರಾತ್ರಿ ಅವಳು ಹಾಸಿಗೆ ಕಾಣಲಿಲ್ಲ. ಕಜ್ಜಾಯ ಕರಿಯುತ್ತಾ ಒಲೆಯ ಮುಂದೆಯೇ ಬೆಳಗಾಯಿತು.

ಬೆಳಗಾದರೆ ಹಿತ್ತಿಲ ಬಾವಿಕಟ್ಟೆಯ ಪಕ್ಕದಲ್ಲಿ ಒಂದು ಹಡಗು ನಿಂತಿತ್ತು. ನೀರಿಲ್ಲದ ಕಡೆ ಹೇಗೆ ಬಂತು ಎಂದರೆ, ಮಾಂತ್ರಿಕನ ಹಡಗು, ಬಂತು. ಅದರ ಪಕ್ಕೆಯ ತುಂಬ ಮರದ ಮನುಷ್ಯರು. ಮೇಲಿನಿಂದ ಚಂಡಮಾರ ಧುಮುಕಿದ. ಅವನ ಕೈಯಲ್ಲಿ ಕಷಾಯದ ಬಣ್ಣದ ನಕ್ಷೆ.

"ಅಮ್ಮಾ!" ತಿಮ್ಮರಸ ಕುಣಿದಾಡಿದ. "ನಿಜವಾದ ಕಳ್ಳನ್ನೇ ಕರೆಸಿದೀಯಾ!"

"ಸೌದಾ, ನನ್ನ ಕತ್ತಿ ಎಲ್ಲೇ?" ರಾಜ ಒಳಗಿನಿಂದ ಕೂಗಿದ.

"ಹಲಸಿನಹಣ್ಣು ಕೊಯ್ದಿದ್ರಲ್ಲ, ಎಣ್ಣೆ ಹಚ್ಚಿ ಬಚ್ಚಲ ಗೋಡೆಯ ಮಾಡದಲ್ಲಿ ಇಟ್ಟಿದೀನಿ."

ಚಂಡಮಾರ ಬೆರಳು ಅಲ್ಲಾಡಿಸಿದ. ಕತ್ತಿ ಹಿಡಿದು ಬಂದ ರಾಜನ ಬಲಗೈ ಮೊಣಕೈವರೆಗೆ ಮರವಾಯಿತು. ಮಕ್ಕಳಿಬ್ಬರೂ ಅಮ್ಮನ ಸೀರೆ ಹಿಡಿದುಕೊಂಡರು.

"ಈ ನಕ್ಷೆ ಬರೆದವರು ಯಾರು?"

"ನಾನೇ" ಎಂದಳು ಸೌದಾಮಿನಿ. "ಅದು ಮಕ್ಕಳಾಟಕ್ಕಪ್ಪಾ. ಪೆಟ್ಟಿಗೇಲಿ ಇರೋದು ಕೊಬ್ಬರಿ ಮಿಠಾಯಿ."

ಚಂಡಮಾರ ಹೊಟ್ಟೆ ಹಿಡಿದು ನಕ್ಕ. "ನಿಧಿ ಇಟ್ಟವರೆಲ್ಲ ಇಂಥದ್ದೇ ಏನೋ ಒಂದು ಹೇಳ್ತಾರೆ. ಸೂರ್ಯ ಮುಳುಗೋದ್ರೊಳಗೆ ಪೆಟ್ಟಿಗೆ ನನ್ನ ಕೈಗೆ ಬರಬೇಕು. ಬರಲಿಲ್ಲವೋ, ಗಂಡ, ಮಕ್ಕಳು, ಊರು ಎಲ್ಲ ಮರ."

ಕೊಟ್ಟು ಕಳಿಸೋಣ, ಮಗನಿಗೆ ಬೇರೆ ಮಿಠಾಯಿ ಮಾಡಿದರಾಯಿತು ಎಂದು ಅವಳು ಒಳಗೆ ತಿರುಗಿದಳು. ಎರಡು ಹೆಜ್ಜೆ ಇಟ್ಟು ನಿಂತಳು. ಮತ್ತೆ ನಾಲ್ಕು ಹೆಜ್ಜೆ ಇಟ್ಟು ಮತ್ತೆ ನಿಂತಳು.

"ರೀ" ಎಂದಳು. "ಎಲ್ಲಿಟ್ಟೆ ಅಂತ ನೆನಪಾಗ್ತಿಲ್ಲ."

ರಾಜ ಧೀರಮಲ್ಲ ಇದ್ದಲ್ಲೇ ಕುಸಿದು ಕೂತ. ಕೈ ಮರವಾದಾಗಲೂ ಅವನಿಗೆ ಅಷ್ಟು ಹೆದರಿಕೆಯಾಗಿರಲಿಲ್ಲ.

ಚಂಡಮಾರ ಹಂಡೆ ಉರುಳಿಸಿ ಮೊದಲ ಚೀಟಿ ತೆಗೆದ. ಉಯ್ಯಾಲೆ ಕಿತ್ತು ಎರಡನೆಯದು ತೆಗೆದ. ಸಿಂಹದ ಬಾಯಿಂದ ಮೂರನೆಯದನ್ನು ಎಳೆದ. 'ನಿಧಿ ಇರುವುದು' ಎಂದಿತ್ತು. ಆಮೇಲೆ ಒಂದು ಗೆರೆ. ಗೆರೆ ವಾಲುತ್ತಾ ವಾಲುತ್ತಾ ಕಾಗದದ ಕೆಳಗೆ ಇಳಿದು ಹೋಗಿತ್ತು. ಅವನು ಚೀಟಿಯನ್ನು ಉಂಡೆ ಮಾಡಿ ಎಸೆದ. ರಾಣಿಯ ಮಗಳು ಮಂಜರಿ ಅದನ್ನು ಎತ್ತಿಕೊಂಡು ಬಿಡಿಸಿ ನೋಡತೊಡಗಿದಳು.

"ಹೋಗು, ನೋಡಿಕೊಂಡು ಬಾ" ಎಂದು ಚಂಡಮಾರ ಗಿಳಿಯನ್ನು ಬಿಟ್ಟ.

ಗಿಳಿ ಕಿರಿದಾಗಿ ಕಿರಿದಾಗಿ ಸಾಸಿವೆಯಷ್ಟಾಗಿ ರಾಣಿಯ ಬಲಗಣ್ಣಿನಲ್ಲಿ ಹೊಕ್ಕಿತು. ಹೊರಗೆ ಬಂದಾಗ ಅದರ ರೆಕ್ಕೆ ಕೆದರಿತ್ತು.

"ಒಡೆಯಾ, ಒಳಗೆ ಕಾಲಿಡಕ್ಕೆ ಜಾಗ ಇಲ್ಲ! ನೆನೆಸಿದ ಅಕ್ಕಿ, ಒಣಗದ ಬಟ್ಟೆ, ಆನೆಗೆ ಭೇದಿಯ ಔಷಧಿ, ಪಕ್ಕದ ರಾಜ್ಯದಿಂದ ತಂದ ಜರಡಿ ವಾಪಸ್ಸು ಕೊಡಬೇಕು... ಪೆಟ್ಟಿಗೆ ಕಾಣಲಿಲ್ಲ."

ಚಂಡಮಾರ ದನಿ ಬದಲಿಸಿದ. "ರಾಣೀ, ನೆನಪು ಮಾಡಿಕೋ. ಒಂದು ಕೋಣೆ ತುಂಬ ಚಿನ್ನ ಕೊಡ್ತೀನಿ."

"ಚಿನ್ನ ತಗೊಂಡು ಎಲ್ಲಿಡ್ಲಿ? ಅದನ್ನ ಎಲ್ಲಿಟ್ಟೆ ಅಂತಾನೂ ನಾನೇ ನೆನಪಿಟ್ಕೋಬೇಕು."

ಗಿಳಿ ಎಡಗಣ್ಣಿನಲ್ಲಿ ಹೊಕ್ಕಿತು. ಈ ಸಲ ಬಹಳ ಹೊತ್ತು ಬರಲಿಲ್ಲ. ಬಂದಾಗ ತೂರಾಡುತ್ತಿತ್ತು.

"ಒಡೆಯಾ, ಒಳಗೆ ಯಾರ್ಯಾರೋ ಅಮ್ಮಾ ಅಮ್ಮಾ ಅಂತ ಕೂಗ್ತಾನೇ ಇದಾರೆ. ತಿರುಗಿ ತಿರುಗಿ ಕತ್ತು ನೋವು ಬಂತು. ಎಲ್ಲರ ವಸ್ತುವೂ ಅಲ್ಲಿದೆ. ಪೆಟ್ಟಿಗೆ ಮಾತ್ರ ಇಲ್ಲ."

"ರಾಣೀ, ನೂರು ಜನ ಆಳು ಕೊಡ್ತೀನಿ!"

"ಆ ನೂರು ಜನಕ್ಕೆ ಕೆಲಸ ಹೇಳೋದು ಯಾರು? ಮಧ್ಯಾಹ್ನ ಅವರಿಗೆ ಅಡುಗೆ?"

ಸೂರ್ಯ ಕೋಟೆಗೋಡೆಯ ಆಚೆ ಇಳಿಯುತ್ತಿದ್ದ. ಚಂಡಮಾರ ಅವಳ ಹತ್ತಿರ ಬಂದು ಮೆಲ್ಲಗೆ, ಒಡಹುಟ್ಟಿದವನ ಹಾಗೆ ಹೇಳಿದ:

"ತಾಯೀ, ನಿನ್ನ ಆಯಾಸ ನಂಗೆ ಕಾಣಿಸ್ತಿದೆ. ನಿನ್ನೊಬ್ಬಳನ್ನ ಮರ ಮಾಡ್ತೀನಿ. ಉಳಿದವರನ್ನ ಬಿಟ್ಟುಬಿಡ್ತೀನಿ. ಹಡಗಿನ ಮೂತಿಯಲ್ಲಿ ನಿಂತುಬಿಡು. ತಣ್ಣನೆ ಗಾಳಿ. ಒಲೆ ಇಲ್ಲ, ಅಗಳಿ ಇಲ್ಲ. ಇನ್ನು ಯಾವತ್ತೂ ಯಾರೂ ಬಂದು ನಿನ್ನ ಏನೂ ಕೇಳೋದಿಲ್ಲ."

ಯಾರೂ ಏನೂ ಕೇಳುವುದಿಲ್ಲ. ಆ ಮಾತು ಕಾದ ನೆಲಕ್ಕೆ ಚಿಮುಕಿಸಿದ ನೀರಿನಂತೆ ಸೌದಾಮಿನಿಯ ಒಳಗೆ ಇಳಿಯಿತು. ಕಾಲು ಭಾರವಾಗಿತ್ತು, ಬೆನ್ನು ಭಾರವಾಗಿತ್ತು, ರೆಪ್ಪೆ ಎಲ್ಲಕ್ಕಿಂತ ಭಾರವಾಗಿತ್ತು. ಅವಳ ಒಂದು ಹೆಜ್ಜೆ ಹಡಗಿನ ಕಡೆಗೆ ಹೋಯಿತು. ಇನ್ನೊಂದೂ ಹೋಯಿತು.

"ಸೌದಾ!" ರಾಜ ಕೂಗಿದ. ಅವಳು ತಿರುಗಲಿಲ್ಲ.

ತಿಮ್ಮರಸ ಅವಳ ಜೊತೆಜೊತೆಗೇ ನಡೆಯುತ್ತಿದ್ದ. ಹಡಗಿನ ಪಕ್ಕೆಯ ಗೊಂಬೆಗಳನ್ನು ಕತ್ತೆತ್ತಿ ನೋಡಿ, "ಅಮ್ಮಾ, ಇವರಿಗೆಲ್ಲ ರೆಪ್ಪೇನೇ ಇಲ್ವಲ್ಲ. ಇವರು ನಿದ್ದೆ ಹೇಗೆ ಮಾಡ್ತಾರೆ?" ಎಂದ.

ಸೌದಾಮಿನಿ ತಲೆಯೆತ್ತಿದಳು. ಸಾಲಾಗಿ ನಿಂತ ಮೀನುಗಾರರು. ಎಲ್ಲರ ಮರದ ಕಣ್ಣೂ ಅಗಲಕ್ಕೆ ತೆರೆದಿತ್ತು. ಬಿಸಿಲಲ್ಲೂ ತೆರೆದು, ಕತ್ತಲಲ್ಲೂ ತೆರೆದು, ಹಿಡಿದ ದಿನದಿಂದ ಒಂದು ಗಳಿಗೆಯೂ ಮುಚ್ಚದ ಕಣ್ಣುಗಳು.

"ಕಣ್ಣು ಬಿಟ್ಕೊಂಡು ಸುಮ್ಮನೆ ನಿಂತಿರೋದಾ?" ಅವಳು ಚಂಡಮಾರನ ಕಡೆ ತಿರುಗಿದಳು. "ಅದನ್ನ ನಾನು ಸಭೆಯಲ್ಲಿ ದಿನಾ ಮಾಡ್ತೀನಪ್ಪಾ. ನಂಗೆ ಬೇಕಾಗಿರೋದು ಅದಲ್ಲ."

ಚಂಡಮಾರನಿಗೆ ಸಿಟ್ಟು ನೆತ್ತಿಗೇರಿತು. ಗಿಳಿಯನ್ನು ಗದರಿದ: "ಹೋಗು! ಮೂಲೆ ಮೂಲೆ ಕೆದಕು! ಬರಿಗೈಯಲ್ಲಿ ಬಂದರೆ ಪುಕ್ಕ ಕೀಳ್ತೀನಿ!"

ಗಿಳಿ ಅಳುತ್ತಾ ಹಾರಿ ಬರುತ್ತಿದ್ದಾಗ ಸೌದಾಮಿನಿಯ ದೃಷ್ಟಿ ಮಗಳ ಮೇಲೆ ಬಿತ್ತು. ಮಂಜರಿ ಚೀಟಿಯ ಗೆರೆಯನ್ನು ನೋಡಿದಳು, ಅಮ್ಮನ ಮುಖವನ್ನು ನೋಡಿದಳು, ಮೆಲ್ಲಗೆ ಎದ್ದಳು.

"ಎಲ್ಲಿಗೆ?" ಎಂದ ಚಂಡಮಾರ.

"ನೀರು ಕುಡಿಯಕ್ಕೆ."

ಆ ಮುಖ ರಾಣಿಗೆ ಗೊತ್ತಿತ್ತು. ಏನೋ ಹೊಳೆದ ಮುಖ. 'ಏನೇ ಅದು?' ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ತನಗೆ ಗೊತ್ತಾದರೆ ಗಿಳಿಗೂ ಗೊತ್ತಾಗುತ್ತದೆ. ಮನೆಯಲ್ಲಿ ನಡೆಯುವ ಒಂದು ಸಂಗತಿಯನ್ನು ತಿಳಿದುಕೊಳ್ಳದೆ ಇರುವುದು ಅವಳಿಗೆ ಅಭ್ಯಾಸವೇ ಇರಲಿಲ್ಲ. ಅವಳು ಎರಡೂ ಕಣ್ಣು ಅಗಲಿಸಿ, ಉಗ್ರಾಣದ ಡಬ್ಬಿಗಳನ್ನು ಮನಸ್ಸಿನಲ್ಲೇ ಮೇಲಿನ ಸಾಲಿನಿಂದ ಒಂದೊಂದಾಗಿ ನೆನೆಯತೊಡಗಿದಳು. ಕಡಲೆಬೇಳೆ, ಉದ್ದಿನಬೇಳೆ, ಹುರಿಗಡಲೆ, ಖಾಲಿ ಡಬ್ಬಿ, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ...

ಗಿಳಿ ಆ ಸಾಲುಗಳ ನಡುವೆ ಅಲೆದೂ ಅಲೆದೂ ಸೂರ್ಯನ ಕೊನೆಯ ಅಂಚು ಉಳಿದಿದ್ದಾಗ ಹೊರಗೆ ಬಂದು ದೊಪ್ಪೆಂದು ನೆಲಕ್ಕೆ ಬಿತ್ತು. "ಇಲ್ಲ ಒಡೆಯಾ. ಇಲ್ಲ."

"ಇದೆ" ಎಂದಳು ಮಂಜರಿ.

ಅವಳು ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈಯಲ್ಲಿ ಹಿತ್ತಾಳೆಯ ಪೆಟ್ಟಿಗೆ.

ಚಂಡಮಾರ ಬಾಯಿ ತೆರೆದ. ಮಂತ್ರ ಬರಲಿಲ್ಲ, ಉಪ್ಪು ಉದುರಿತು. ಗಡ್ಡ ಉದುರಿತು, ಭುಜ ಉದುರಿತು, ನಿಂತಲ್ಲೇ ಒಂದು ಉಪ್ಪಿನ ಗುಡ್ಡೆಯಾಯಿತು. ರಾಜನ ಕೈ ಮತ್ತೆ ಕೈಯಾಯಿತು. ಹಡಗಿನ ಮೊಳೆಗಳು ಕಳಚಿ ಮೀನುಗಾರರು ಒಬ್ಬೊಬ್ಬರಾಗಿ ಕೆಳಗಿಳಿದರು. ಅವರು ಮೊದಲು ಮಾಡಿದ ಕೆಲಸವೆಂದರೆ ಕಣ್ಣು ಮುಚ್ಚಿದ್ದು.

"ಎಲ್ಲಿತ್ತೇ?" ರಾಜ ಕೇಳಿದ.

"ಅಮ್ಮನ ದಿಂಬಿನ ಕೆಳಗೆ" ಎಂದಳು ಮಂಜರಿ. "ಈ ಗೆರೆ ನೋಡಿ. ಬರೀತಾ ಬರೀತಾ ಅಮ್ಮ ತೂಕಡಿಸಿದಾಳೆ. ನಿದ್ದೆ ಬಂದೋರು ಎಲ್ಲಿಗೆ ಹೋಗ್ತಾರೆ? ಹಾಸಿಗೆಗೆ. ಹೋಗಿದಾಳೆ. ಪೆಟ್ಟಿಗೆ ದಿಂಬಿನ ಕೆಳಗೆ ಇಟ್ಟಿದಾಳೆ. ಇನ್ನೇನು ತಲೆ ಇಡ್ಬೇಕು, ಯಾರೋ ಕರೆದಿದಾರೆ."

ಯಾರು ಕರೆದದ್ದು ಎಂದು ಯಾರೂ ಕೇಳಲಿಲ್ಲ. ರಾಜ ಕಿರೀಟ ತೆಗೆದು ಅದರ ಧೂಳು ಒರೆಸತೊಡಗಿದ. "ನಾನಂತೂ ಅಲ್ಲ" ಎಂದ ತಿಮ್ಮರಸ, ಯಾರೂ ಕೇಳದಿದ್ದರೂ.

ನೆಲದಲ್ಲಿ ಬಿದ್ದಿದ್ದ ಗಿಳಿ ತಲೆ ಎತ್ತಿತು. "ದಿಂಬಾ? ಅಯ್ಯೋ! ಮೂರು ಸಲ ಒಳಗೆ ಹೋದಾಗಲೂ ಮೊದಲು ಕಂಡಿದ್ದೇ ದಿಂಬು. ಎಲ್ಲದರ ಮಧ್ಯ, ಬೆಟ್ಟದಷ್ಟು ದೊಡ್ಡದು, ಬೆಳ್ಳಗೆ ಹೊಳೀತಿತ್ತು. ಪಾಪ, ಇದು ಇವಳ ಆಸೆ ಇರಬೇಕು ಅಂತ ಪಕ್ಕಕ್ಕೆ ಸರಿದು ಹೋದೆ."

ಸೌದಾಮಿನಿ ಪೆಟ್ಟಿಗೆಯ ಮುಚ್ಚಳ ತೆಗೆದು ಮಗನ ಬಾಯಿಗೊಂದು, ಮಗಳ ಬಾಯಿಗೆರಡು ಮಿಠಾಯಿ ಹಾಕಿದಳು. ಉಳಿದದ್ದನ್ನು ಗಂಡನ ಕೈಗೆ ಕೊಟ್ಟಳು. ಒಳಗೆ ನಡೆದು, ಹಾಸಿಗೆಯ ಮೇಲೆ ಅಡ್ಡವಾಗಿ, ದಿಂಬಿಗೆ ತಲೆ ಕೊಟ್ಟಳು.

ಅಂದು ಅಳಿವೆಪುರದಲ್ಲಿ ದೊಡ್ಡ ಹಬ್ಬ ನಡೆಯಿತು, ಪಿಸುಮಾತಿನಲ್ಲಿ. ಡೋಲಿಗೆ ಕಂಬಳಿ ಸುತ್ತಿ ಬಾರಿಸಿದರು. ಚಂಡಮಾರನ ಉಪ್ಪನ್ನು ಮೀನುಗಾರರು ಹಂಚಿಕೊಂಡರು. ಮಾರನೆಯ ದಿನದಿಂದ ಬಲೆಗಳು ಮತ್ತೆ ಕಡಲಿಗಿಳಿದವು.

ಗಿಳಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ರಾಣಿಯ ಕೋಣೆಯ ಕಿಟಕಿಯಲ್ಲಿ ಕೂತುಬಿಟ್ಟಿತು. ಅವಳ ಮನಸ್ಸಿನೊಳಗೆ ಮೂರು ಸಲ ಸುತ್ತಿ ಬಂದದ್ದಲ್ಲವೇ? ಆ ರಾಜ್ಯದಲ್ಲಿ ಯಾವ ವಸ್ತು ಎಲ್ಲಿದೆ ಎಂದು ಅವಳಷ್ಟೇ ಚೆನ್ನಾಗಿ ಬಲ್ಲದ್ದು ಇನ್ನು ಆ ಗಿಳಿಯೊಂದೇ. ರಾಜ ತುದಿಗಾಲಲ್ಲಿ ಬಂದು "ಸೌದಾ, ನನ್ನ..." ಎನ್ನುವಷ್ಟರಲ್ಲಿ ಅದು ಕೊಕ್ಕಿಗೆ ಕಾಲು ಅಡ್ಡ ಹಿಡಿದು "ಶ್!" ಎನ್ನುತ್ತಿತ್ತು. "ಗೂಟಕ್ಕಿದೆ. ಕತ್ತೆತ್ತಿ ನೋಡಿ."

ಹೀಗೆ ಎಲ್ಲರೂ ಸುಖವಾಗಿದ್ದರು. ಗಿಳಿಯೊಂದೇ ಸ್ವಲ್ಪ ಬಡವಾಯಿತು, ಅಷ್ಟೇ. ಒಂದು ಮಧ್ಯಾಹ್ನ ತಿಮ್ಮರಸ ಬಾಗಿಲಲ್ಲಿ ನಿಂತು, "ಅಮ್ಮಾ, ಮುಂದಿನ ಹುಟ್ಟುಹಬ್ಬಕ್ಕೆ ರಾಕ್ಷಸರ ಆಟ ಮಾಡೋಣ" ಎಂದ. ಅವಳಿಗೆ ಅದು ಕೇಳಿಸಿತು. ಕೇಳಿಸಿಯೂ ಕಣ್ಣು ತೆರೆಯದೆ, ದಿಂಬನ್ನು ತಿರುಗಿಸಿ, ತಣ್ಣಗಿದ್ದ ಮಗ್ಗುಲಿಗೆ ಕೆನ್ನೆಯಿಟ್ಟು ಮಲಗಿದಳು.