ಎರಡೂ ಎಡಗಾಲಿನ ಅಪ್ಪ

ಬಹಳ ಹಿಂದೆ, ಕಡಲಿನಾಚೆ ಯವನರ ನಾಡಿನಲ್ಲಿ ಅಂಥೇಲ ಎಂಬ ರಾಜ್ಯವಿತ್ತು. ಅಲ್ಲಿ ಬೆಟ್ಟದ ಮೇಲೊಂದು ದೇವಿಯ ಗುಡಿ, ಗುಡಿಯೊಳಗೆ ಮೂರು ಕಾಲಿನ ಕಂಚಿನ ಪೀಠ. ಅದರ ಮೇಲೆ ಕುಳಿತ ಕಣಿಗಾತಿ ಬಾಯಿ ತೆರೆದರೆ ದೇವಿಯೇ ನುಡಿದಂತೆ. ರಾಜನಾದರೂ ಸರಿ, ಕುರಿ ಕಳೆದುಕೊಂಡ ಕುರುಬನಾದರೂ ಸರಿ, ಆ ಮಾತು ಕೇಳದೆ ಹೆಜ್ಜೆ ಇಡುತ್ತಿರಲಿಲ್ಲ.

ಆ ವರ್ಷ ಪೀಠದ ಮೇಲಿದ್ದವಳು ಇಯಾಂಥೆ, ಕುಂಬಾರ ಫಿಲೋನನ ಹಿರಿಮಗಳು. ಕಿರಿಮಗಳು ಮಿರ್ತೋ ಅಪ್ಪ ಮಾಡಿದ ಹೂಜಿಗಳ ಮೇಲೆ ಚಿತ್ರ ಬರೆಯುತ್ತಿದ್ದಳು. ಕೈ ಚುರುಕು, ಆದರೆ ವಿಪರೀತ ಅವಸರ. ಅಕ್ಕ ಪೀಠವೇರಿದಾಗ ಗುಡಿಗೆ ಕಾಣಿಕೆ ಕೊಡಲೆಂದು ಹೂಜಿಯೊಂದರ ಮೇಲೆ ಅಪ್ಪನನ್ನೇ ಬರೆದಳು. ಮಡಕೆ ಸುಡುವ ಆವಿಗೆಯಿಂದ ತೆಗೆದ ಹೂಜಿಯನ್ನು ನೋಡಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನೇ ಮಿರ್ತೋ, ನನಗೆ ಎರಡೂ ಎಡಗಾಲೇ ಕೊಟ್ಟಿದ್ದೀಯಲ್ಲೇ! ಚಪ್ಪಲಿ ಹೊಲಿಯೋನು ಪಾಪ ಏನು ಮಾಡ್ಬೇಕು?"

ಬೆಂದ ಮೇಲೆ ತಿದ್ದುವ ಹಾಗಿಲ್ಲ. ಎರಡೂ ಎಡಗಾಲಿನ ಅಪ್ಪ ಗುಡಿಯ ಮೂಲೆಯ ಗೂಡು ಸೇರಿದ. ಬಂದವರೆಲ್ಲ ನೋಡಿ ನಗುವವರೇ. ಮಿರ್ತೋ ಮಾತ್ರ ನಾಚಿಕೆಯಿಂದ ಆ ಕಡೆ ತಲೆ ಹಾಕುತ್ತಿರಲಿಲ್ಲ.

ಹೀಗಿರಲು ಬಾಸ್ಕಾನ್ ಎಂಬ ಮಾಂತ್ರಿಕ ಪೂಜಾರಿಯ ವೇಷದಲ್ಲಿ ಗುಡಿ ಹೊಕ್ಕ. ಒಂದು ಬೆಳಗ್ಗೆ ಇಯಾಂಥೆ ಬಾಯಿ ತೆರೆದರೆ ದನಿಯೇ ಇಲ್ಲ. ಮಾಂತ್ರಿಕ ಅದನ್ನು ಕದ್ದು ಎಲ್ಲೋ ಮುಚ್ಚಿಟ್ಟಿದ್ದ.

"ದೇವಿ ಮುನಿದಿದ್ದಾಳೆ. ಇನ್ನು ಮೇಲೆ ನಾನು ಹೇಳಿದ್ದೇ ಕಣಿ!" ಎಂದು ಸಾರಿದ.

ಇಯಾಂಥೆಯ ತಲೆಯ ಮೇಲಿನ ಹಸಿರೆಲೆಯ ಕಿರೀಟ ಒಣಗತೊಡಗಿತು. ಕೊನೆಯ ಎಲೆ ಒಣಗುವುದರೊಳಗೆ ದನಿ ಸಿಗದಿದ್ದರೆ ಅವಳು ಜನ್ಮವಿಡೀ ಮೂಗಿ. ಮಿರ್ತೋ ಓಡಿ ಬರುವಷ್ಟರಲ್ಲಿ ಉಳಿದದ್ದು ಒಂದೇ ಹಸಿರೆಲೆ. ಅಕ್ಕ ಅವಳ ಕೈ ಹಿಡಿದು ಬರೀ ತುಟಿ ಅಲ್ಲಾಡಿಸಿದಳು. ತಂಗಿ ಬೆಟ್ಟ ಇಳಿದು ಪೇಟೆಗೆ ಓಡಿದಳು.

ಪೇಟೆಯ ನಡುವೆ ದಾರಿದೇವರ ಹಳೆಯ ಕಲ್ಲುವಿಗ್ರಹವಿತ್ತು. ಅದರ ಕ್ರಮವೇ ಬೇರೆ. ಅದರ ಕಿವಿಯಲ್ಲಿ ಪ್ರಶ್ನೆ ಉಸುರಬೇಕು. ಆಮೇಲೆ ನಿಮ್ಮ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಪೇಟೆಯ ಮೂರು ಬಾಗಿಲು ದಾಟಬೇಕು. ಕೈ ತೆಗೆದಾಗ ಮೊದಲು ಕಿವಿಗೆ ಬೀಳುವ ಮಾತು ಯಾರದೇ ಆಗಲಿ, ಅದೇ ದೇವರ ಉತ್ತರ. ನಡುವೆ ಕೈ ತೆಗೆದರೆ ಅಲ್ಲಿ ಕೇಳಿಸಿದ್ದೇ ಗತಿ. ಎರಡನೆಯ ಸಲ ಕೇಳುವ ಹಾಗಿಲ್ಲ.

"ಅಕ್ಕನ ದನಿ ವಾಪಸ್ ಬರೋಕೆ ನಾನೇನು ಮಾಡ್ಲಿ?" ಎಂದು ಉಸುರಿ ಮಿರ್ತೋ ಕಿವಿ ಮುಚ್ಚಿಕೊಂಡು ನಡೆದಳು.

ಬಾಸ್ಕಾನ್ ಅವಳ ಬೆನ್ನಿಗೇ ಬಿದ್ದ. ದೇವರನ್ನು ಕೇಳಿ ಹೊರಟವಳನ್ನು ತಾನಾಗಿ ಮುಟ್ಟುವ ಶಕ್ತಿ ಅವನಿಗಿರಲಿಲ್ಲ. ಮೂರನೆಯ ಬಾಗಿಲಾಚೆ ಅವನ ಮಂತ್ರವೂ ನಡೆಯುತ್ತಿರಲಿಲ್ಲ. ಅಷ್ಟರೊಳಗೆ ಒಮ್ಮೆ ಕೈ ತೆಗೆಸಿದರೆ ಸಾಕು, "ಸುಮ್ಮನೆ ಮನೆಗೆ ಹೋಗು" ಎಂದುಬಿಡಲು ಕಾದಿದ್ದ.

ಮೊದಲ ಬಾಗಿಲಲ್ಲಿ ಅವನು ಮಂತ್ರಿಸಿ ಬಿಟ್ಟ ಕಂಚಿನ ಕೊಂಬಿನ ಹೋತ ಅಡ್ಡ ನಿಂತಿತು. ಕೊಂಬು ಹಿಡಿದು ತಳ್ಳೋಣವೆಂದರೆ ಕೈ ತೆಗೆಯಬೇಕು. ಮಿರ್ತೋ ಕೈ ತೆಗೆಯಲಿಲ್ಲ. ಗುಡಿಯಲ್ಲಿ ಕಣಿ ಕೇಳುವ ಮುನ್ನ ಹೋತದ ಮೇಲೆ ತಣ್ಣೀರು ಎರಚುತ್ತಿದ್ದರು, ಅದು ನಡುಗಿದರೆ ಬಾಗಿಲು ತೆರೆಯುತ್ತಿದ್ದರು. ಅದು ನೆನಪಾಗಿ ಪಕ್ಕದ ತೊಟ್ಟಿಗೆ ಕಾಲಿಳಿಸಿ ನೀರು ಚಿಮ್ಮಿಸಿದಳು. ಹೋತ ಗೊರಸಿನಿಂದ ಬಾಲದವರೆಗೆ ನಡುಗಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ತೊಲೆಯಷ್ಟು ದಪ್ಪದ ಸರ್ಪ ಹೆಡೆಯೆತ್ತಿತು. ಕೋಲೆತ್ತೋಣವೆಂದರೆ ಕೈ ತೆಗೆಯಬೇಕು. ಮಿರ್ತೋ ಕೈ ತೆಗೆಯಲಿಲ್ಲ. ಅಕ್ಕನಿಗೆಂದು ಸೊಂಟಕ್ಕೆ ಕಟ್ಟಿಕೊಂಡಿದ್ದ ಜೇನುರೊಟ್ಟಿ ಇನ್ನೂ ಗಂಟಿನಲ್ಲೇ ಇತ್ತು. ಗುಡಿಯಲ್ಲಿ ಸಾಕಿದ ಹಾವುಗಳಿಗೆ ಜೇನೆಂದರೆ ಪ್ರಾಣವೆಂಬುದು ಅವಳಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ನಿಂತಳು. ಸರ್ಪ ಮೈಮೇಲೆ ಹರಿದು ಬಂದು, ಗಂಟು ಬಿಚ್ಚಿ, ಚೂರೂ ಬಿಡದೆ ತಿಂದು ಬಿಲ ಸೇರಿತು. ಮಿರ್ತೋ ಮುಂದೆ ನಡೆದಳು.

ಮೂರನೆಯ ಬಾಗಿಲಲ್ಲಿ ಗಾಡಿಯೊಂದು ಮಗುಚಿ ಬಿದ್ದಿತ್ತು. ಚಕ್ರದಡಿ ಎದೆ ಸಿಕ್ಕಿಸಿಕೊಂಡು ಮಲಗಿದ್ದವನು ಅವಳ ಅಪ್ಪ! ಅದೇ ಗಡ್ಡ, ಅದೇ ಮೂಗು. ಕೈಚಾಚಿ ಕರೆಯುತ್ತಿದ್ದ. ದನಿ ಕೇಳಿಸದಿದ್ದರೂ ತುಟಿ "ಮಿರ್ತೋ, ಮಿರ್ತೋ" ಎನ್ನುವುದು ಕಾಣುತ್ತಿತ್ತು. ಅಕ್ಕನ ದನಿ ಹೋದರೆ ಹೋಗಲಿ, ಅಪ್ಪನ ಜೀವ ಉಳಿಯಲಿ ಎನಿಸಿತು. ಅವಳ ಕೈ ಒಂದು ಬೆರಳಷ್ಟು ಜಾರಿತು.

ಆಗ ಅವಳ ಕಣ್ಣು ಅಪ್ಪನ ಪಾದದ ಮೇಲೆ ಬಿತ್ತು. ಎರಡೂ ಎಡಗಾಲು.

ಮಾಂತ್ರಿಕ ಕುಂಬಾರನನ್ನು ಎಂದೂ ಕಂಡವನಲ್ಲ. ಗುಡಿಯ ಹೂಜಿ ನೋಡಿಕೊಂಡು ವೇಷ ತೊಟ್ಟಿದ್ದ. ಮಿರ್ತೋ ಅಳುತ್ತಲೇ ನಕ್ಕಳು. ಆ ಎರಡು ಎಡಗಾಲುಗಳನ್ನು ಹಾರಿ ದಾಟಿ, ಬಾಗಿಲಾಚೆ ನಿಂತು ಕೈ ಇಳಿಸಿದಳು.

ಮರದಡಿ ಅಜ್ಜಿಯೊಬ್ಬಳು ಮೊಮ್ಮಗಳಿಗೆ ದಾಳಿಂಬೆ ಕೊಟ್ಟು ಗದರುತ್ತಿದ್ದಳು. "ನೋಡ್ತಾ ಕೂತ್ರೆ ಒಳಗಿರೋದು ಸಿಗುತ್ತೇನೇ? ಒಡಿ ಅದನ್ನ!"

ಒಡೆಯುವುದು ಏನನ್ನು? ಮಿರ್ತೋ ಯೋಚಿಸಿದಳು. ಎಲ್ಲರೂ ನಕ್ಕು ಮುಂದೆ ಹೋಗುವ ಹೂಜಿಯನ್ನು ಮಾಂತ್ರಿಕ ಕಾಲ್ಬೆರಳು ಬಾಯಿಪಾಠವಾಗುವಷ್ಟು ನೋಡಿದ್ದಾನೆ. ಅಲ್ಲೇ ಏನೋ ಇದೆ! ಬೆಟ್ಟ ಹತ್ತಿ ಓಡಿದಳು. ಕೊನೆಯ ಎಲೆಯ ಅಂಚು ಆಗಲೇ ಕಂದಿತ್ತು.

"ದೇವಿಗೆ ಕೊಟ್ಟಿದ್ದು ಕಣಮ್ಮಾ, ಒಡೀಬೇಡ!" ಎಂದು ಜನ ಕೂಗಿದರು.

ಹೂಜಿಯ ಮೇಲಿನ ಅಪ್ಪನ ಮುಖ ನೋಡಿ ಅವಳಿಗೂ ಒಂದು ಗಳಿಗೆ ಕೈ ಬರಲಿಲ್ಲ. ಮರುಗಳಿಗೆ ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಚೂರುಗಳ ನಡುವಿನಿಂದ ದನಿಯೊಂದು ಪುರ್ರನೆ ಹಾರಿ ಇಯಾಂಥೆಯ ಗಂಟಲು ಸೇರಿತು. ಒಣಗಿದ ಕಿರೀಟ ಚಿಗುರಿತು.

"ಅಯ್ಯೋ ಮಿರ್ತೋ, ಅಪ್ಪನ್ನ ಒಡೆದುಬಿಟ್ಯಲ್ಲೇ! ನನಗೆ ಆ ಹೂಜಿ ಎಷ್ಟು ಇಷ್ಟ ಇತ್ತು ಗೊತ್ತಾ?" ಎಂದಳು ಅಕ್ಕ. ಅಷ್ಟು ಹೇಳಿ ತಂಗಿಯನ್ನು ತಬ್ಬಿಕೊಂಡು ಅತ್ತಳು.

ಚಿತ್ರ ಒಡೆದದ್ದೇ ತಡ, ಬಾಸ್ಕಾನ್‌ನ ಮಂತ್ರವೆಲ್ಲ ಕಳಚಿತು. ಮುಖ ಅವನದೇ ಮರಳಿ ಬಂತು, ಪಾದ ಮಾತ್ರ ಮರಳಲಿಲ್ಲ. ಎರಡು ಎಡಗಾಲಿನಲ್ಲಿ ಓಡಹೋಗಿ ಸುತ್ತಿ ಸುತ್ತಿ ನಿಂತಲ್ಲಿಗೇ ಬಂದ. ರಾಜಭಟರು ಅವನನ್ನು ಓಡಿ ಹಿಡಿಯಬೇಕಾಗಲಿಲ್ಲ, ಕಾದು ನಿಂತರು ಅಷ್ಟೆ.

ಫಿಲೋನ್ ಹೊಸ ಹೂಜಿ ಮಾಡಿಕೊಟ್ಟ. ಮಿರ್ತೋ ಅವಸರಪಡದೆ, ಒಂದು ಎಡಗಾಲು, ಒಂದು ಬಲಗಾಲು ಸರಿಯಾಗಿ ಬರೆದಳು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾರೇ ಇವನು? ನಾನಲ್ಲ ಬಿಡು. ಒರೆಸಿ ನನ್ನನ್ನ ಬರಿ."

ಮಿರ್ತೋ ಒದ್ದೆ ಬಟ್ಟೆ ತೆಗೆದುಕೊಂಡು ಬಲಗಾಲನ್ನು ಒರೆಸಿದಳು. ಅಂದಿನಿಂದ ಅಂಥೇಲದಲ್ಲಿ ಕಣಿ ಮೊದಲಿನಂತೆ ನಿಜವಾಯಿತು, ಜನ ನೆಮ್ಮದಿಯಾದರು, ಗುಡಿಯ ಗೂಡಿನಲ್ಲಿ ಎರಡೂ ಎಡಗಾಲಿನ ಅಪ್ಪ ಮತ್ತೆ ಬಂದು ನಿಂತ.